ಸ್ಟ್ರಾದೊಳಗಿನ ಮಂಜಿನ ಹರಳು: ವೀರ್ಯ, ಭ್ರೂಣ ಉಳಿಸಲು ಮೀನಿನಿಂದ ಕಲಿತ ಹೊಸ ದಾರಿ

ಕೃತಕ ಗರ್ಭಧಾರಣೆ ಮಾಡಿಸಿದ ಹಸು 21 ದಿನಕ್ಕೆ ತಿರುಗಿ ಬೆದೆಗೆ ಬಂದಾಗ ನಮ್ಮ ಉತ್ಪಾದಕರು ಕೇಳುವ ಪ್ರಶ್ನೆ ಒಂದಿದೆ. "ಹೊಗೆಯಾಡುವಷ್ಟು ತಣ್ಣಗಿರೋ ಡಬ್ಬಿಯಲ್ಲಿ ಇಟ್ಟಿದ್ದು ನಿಜವಾಗಿ ಜೀವಂತ ಇರುತ್ತಾ?" ಕೇಳುವುದರಲ್ಲಿ ತಪ್ಪೇನಿಲ್ಲ. ಹಸು ಗಬ್ಬ ನಿಲ್ಲದಿರಲು ಹತ್ತು ಕಾರಣಗಳಿರಬಹುದು. ಬೆದೆಯ ಹೊತ್ತು ತಪ್ಪಿರಬಹುದು, ಗರ್ಭಕೋಶದಲ್ಲಿ ಸೋಂಕಿರಬಹುದು, ಖನಿಜಾಂಶದ ಕೊರತೆಯಿರಬಹುದು. ಆದರೆ ಅವುಗಳಲ್ಲಿ ಒಂದು ಕಾರಣ ಆ ಡಬ್ಬಿಯೊಳಗೇ ಇರಬಹುದು ಎನ್ನುವುದೂ ನಿಜ.

ಉತ್ತರ ಹೀಗಿದೆ: ಜೀವಂತ ಇರುತ್ತದೆ, ಆದರೆ ಎಲ್ಲವೂ ಅಲ್ಲ. 0.25 ಮಿಲಿಲೀಟರಿನ ಒಂದು ಸ್ಟ್ರಾದಲ್ಲಿ ಸುಮಾರು 2 ಕೋಟಿ ವೀರ್ಯಾಣುಗಳನ್ನು ತುಂಬುತ್ತಾರೆ. ನಮ್ಮ ದೇಶದ ವೀರ್ಯ ಕೇಂದ್ರಗಳು ಪಾಲಿಸಬೇಕಾದ ಕನಿಷ್ಠ ಗುಣಮಟ್ಟದ ನಿಯಮದ ಪ್ರಕಾರ, ಘನೀಕರಿಸಿ ಮತ್ತೆ ಕರಗಿಸಿದಾಗ ಅದರಲ್ಲಿ ಶೇ. 50ರಷ್ಟಾದರೂ ಚುರುಕಾಗಿ ಈಜಬೇಕು. ಈ ನಿಯಮವನ್ನು ಇನ್ನೊಂದು ಕಡೆಯಿಂದ ಓದಿ ನೋಡಿ. ಒಳ್ಳೆಯ ಹೋರಿ, ಒಳ್ಳೆಯ ಪ್ರಯೋಗಾಲಯ, ಒಳ್ಳೆಯ ಸಾಗಣೆ ಎಲ್ಲವೂ ಇದ್ದರೂ ಸುಮಾರು ಅರ್ಧದಷ್ಟು ವೀರ್ಯಾಣುಗಳು ದಾರಿಯಲ್ಲೇ ಹೋಗುತ್ತವೆ ಎಂದು ಮೊದಲೇ ಒಪ್ಪಿಕೊಂಡು ಮಾಡಿದ ಲೆಕ್ಕ ಅದು.

ಆ ಅರ್ಧವನ್ನು ಕೊಲ್ಲುವುದು ಯಾವುದು? ಚಳಿ ಎಂದು ಅನ್ನಿಸುವುದು ಸಹಜ. ವಾಸ್ತವದಲ್ಲಿ ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ದ್ರವ ಸಾರಜನಕದೊಳಗೆ ಮುಳುಗಿರುವ ವೀರ್ಯಾಣುವಿಗೆ ಏನೂ ಆಗುವುದಿಲ್ಲ. ಅಲ್ಲಿ ನೀರಿನ ಕಣ ಅಲುಗಾಡುವುದಿಲ್ಲ, ಕೊಳೆಯುವಿಕೆ ಇಲ್ಲ, ಹತ್ತಾರು ವರ್ಷ ಇಟ್ಟರೂ ಹಾಗೇ ಇರುತ್ತದೆ. ಅಪಾಯ ಇರುವುದು ಅಲ್ಲಿಗೆ ಇಳಿಯುವ ದಾರಿಯಲ್ಲಿ, ಅದಕ್ಕಿಂತ ಹೆಚ್ಚಾಗಿ ಅಲ್ಲಿಂದ ಮೇಲೆ ಬರುವ ದಾರಿಯಲ್ಲಿ. ಅಲ್ಲಿ ಕೊಲ್ಲುವುದು ಮಂಜುಗಡ್ಡೆಯ ಹರಳು.

ಐಸ್‌ಕ್ಯಾಂಡಿ ಹೇಳುವ ಪಾಠ

ಜಾತ್ರೆಯಲ್ಲಿ ಮಕ್ಕಳು ಐಸ್‌ಕ್ಯಾಂಡಿ ಚೀಪುವುದನ್ನು ನೋಡಿದ್ದೀರಿ. ನಾಲ್ಕು ಸಲ ಜೋರಾಗಿ ಚೀಪಿದರೆ ಬಣ್ಣವೂ ಸಿಹಿಯೂ ಬಾಯಿಗೆ ಬಂದು, ಕಡ್ಡಿಯಲ್ಲಿ ಬಿಳಿಚಿದ ಸಪ್ಪೆ ಗಡ್ಡೆ ಉಳಿಯುತ್ತದೆ. ನೀರು ಗಡ್ಡೆ ಕಟ್ಟುವಾಗ ತನ್ನ ಜತೆ ಯಾರನ್ನೂ ಸೇರಿಸಿಕೊಳ್ಳುವುದಿಲ್ಲ. ಸಕ್ಕರೆ, ಉಪ್ಪು, ಬಣ್ಣ ಎಲ್ಲವನ್ನೂ ಹರಳುಗಳ ನಡುವಿನ ಸಂದಿಗೆ ತಳ್ಳುತ್ತದೆ. ಆ ಸಂದಿಯಲ್ಲಿ ಉಳಿದ ದ್ರವ ಮಂದವಾಗುತ್ತಾ ಹೋಗುತ್ತದೆ.

ವೀರ್ಯ ಘನೀಕರಿಸುವಾಗಲೂ ಇದೇ ನಡೆಯುತ್ತದೆ. ಮೊದಲು ವೀರ್ಯಾಣುವಿನ ಹೊರಗಿರುವ ನೀರು ಗಡ್ಡೆಯಾಗುತ್ತದೆ. ಉಪ್ಪೆಲ್ಲ ಸಂದಿಯಲ್ಲಿ ಸೇರಿ, ಅಲ್ಲಿಯೇ ಸಿಕ್ಕಿಕೊಂಡ ವೀರ್ಯಾಣು ಉಪ್ಪಿನಕಾಯಿ ಜಾಡಿಯ ಮಾವಿನ ಮಿಡಿಯಂತೆ ನೀರು ಬಿಟ್ಟು ಸುಕ್ಕುಗಟ್ಟುತ್ತದೆ. ತಂಪು ಮಾಡುವುದು ತೀರಾ ನಿಧಾನವಾದರೆ ಈ ಉಪ್ಪೇ ಅದನ್ನು ಕೊಲ್ಲುತ್ತದೆ. ಉಪ್ಪಿಗೆ ಹೆದರಿ ತೀರಾ ಬೇಗ ತಂಪು ಮಾಡಿದರೆ ಒಳಗಿನ ನೀರಿಗೆ ಹೊರಬರಲು ಪುರುಸೊತ್ತು ಸಿಗದೆ, ಹರಳು ಒಳಗೇ ಹುಟ್ಟಿ ಪೊರೆಯನ್ನು ಹರಿಯುತ್ತದೆ. ಈ ಎರಡರ ನಡುವಿನ ಕಿರಿದಾದ ದಾರಿಯಲ್ಲಿ ನಡೆಸಿಕೊಂಡು ಹೋಗುವುದೇ ವೀರ್ಯ ಕೇಂದ್ರಗಳ ಕಸುಬು.

ಉಪ್ಪು, ಸಕ್ಕರೆ ಸೇರಿದ ನೀರು ಸೊನ್ನೆಗಿಂತ ಕೆಳಗೆ ಗಡ್ಡೆ ಕಟ್ಟುತ್ತದೆ ಎನ್ನುವುದು ಡೇರಿಯವರಿಗೆ ಹೊಸ ವಿಷಯವಲ್ಲ. ಹಾಲಿನಲ್ಲಿರುವ ಲ್ಯಾಕ್ಟೋಸ್ ಮತ್ತು ಲವಣಗಳಿಂದಾಗಿ ಶುದ್ಧ ಹಾಲು ಮೈನಸ್ 0.52 ಡಿಗ್ರಿಯ ಆಸುಪಾಸಿನಲ್ಲಿ ಗಡ್ಡೆ ಕಟ್ಟುತ್ತದೆ. ನೀರು ಬೆರೆಸಿದರೆ ಆ ಅಂಕಿ ಸೊನ್ನೆಯ ಕಡೆಗೆ ಸರಿಯುತ್ತದೆ. ಪ್ರಯೋಗಾಲಯದಲ್ಲಿ ನೀರು ಬೆರೆತ ಹಾಲು ಸಿಕ್ಕಿಬೀಳುವುದಕ್ಕೆ ಇದೂ ಒಂದು ದಾರಿ. ಈ ಸಣ್ಣ ಅಂಕಿಯನ್ನು ನೆನಪಿಡಿ, ಮೀನಿನ ಕತೆಗೆ ಬೇಕಾಗುತ್ತದೆ.

ಮೈಸೂರಿನಿಂದ ಹೆಸರಘಟ್ಟದವರೆಗೆ

ಭಾರತದಲ್ಲಿ ಮೊದಲ ಕೃತಕ ಗರ್ಭಧಾರಣೆ ನಡೆದದ್ದು ನಮ್ಮ ರಾಜ್ಯದಲ್ಲೇ. 1939ರಲ್ಲಿ ಮೈಸೂರಿನ ಅರಮನೆ ಡೇರಿ ಫಾರಂನಲ್ಲಿ ಡಾ. ಸಂಪತ್ ಕುಮಾರನ್ ಅವರು ಹೋಲ್‌ಸ್ಟೀನ್ ಹೋರಿಯ ವೀರ್ಯವನ್ನು ಹಳ್ಳಿಕಾರ್ ಹಸುಗಳಿಗೆ ಕೊಟ್ಟರು. ಅಂದು ಬಳಸಿದ್ದು ಆಗಷ್ಟೇ ತೆಗೆದ ವೀರ್ಯ. ಅದನ್ನು ದೂರಕ್ಕೆ ಒಯ್ಯುವಂತಿರಲಿಲ್ಲ, ಹೋರಿ ಎಲ್ಲಿದೆಯೋ ಹಸುವೂ ಅಲ್ಲೇ ಹತ್ತಿರದಲ್ಲಿರಬೇಕಿತ್ತು.

ಘನೀಕರಿಸಿ ಉಳಿಸುವ ಗುಟ್ಟು ಸಿಕ್ಕಿದ್ದು ಹತ್ತು ವರ್ಷದ ನಂತರ ಇಂಗ್ಲೆಂಡಿನಲ್ಲಿ, ಅದೂ ಆಕಸ್ಮಿಕವಾಗಿ. ಕ್ರಿಸ್ಟೋಫರ್ ಪೋಲ್ಜ್, ಆಡ್ರೆ ಸ್ಮಿತ್ ಮತ್ತು ಆಲನ್ ಪಾರ್ಕ್ಸ್ ಎನ್ನುವ ಮೂವರು ಹುಂಜದ ವೀರ್ಯವನ್ನು ಹಣ್ಣಿನ ಸಕ್ಕರೆಯ ದ್ರಾವಣದಲ್ಲಿ ಘನೀಕರಿಸಲು ಪ್ರಯತ್ನಿಸುತ್ತಿದ್ದರು. ಎಷ್ಟು ಮಾಡಿದರೂ ಸೋಲೇ. ಒಂದು ದಿನ ತಂಪು ಪೆಟ್ಟಿಗೆಯಲ್ಲಿಟ್ಟಿದ್ದ ಹಳೆಯ ಬಾಟಲಿಯ ದ್ರಾವಣ ಬಳಸಿದಾಗ ಮಾತ್ರ ವೀರ್ಯಾಣುಗಳು ಎದ್ದು ಈಜಿದವು. ಪರೀಕ್ಷಿಸಿ ನೋಡಿದರೆ ಆ ಬಾಟಲಿಯಲ್ಲಿ ಸಕ್ಕರೆಯೇ ಇರಲಿಲ್ಲ, ಚೀಟಿ ಅದಲುಬದಲಾಗಿತ್ತು. ಅದರಲ್ಲಿದ್ದದ್ದು ಗ್ಲಿಸರಿನ್, ಜತೆಗೆ ಮೊಟ್ಟೆಯ ಬಿಳಿಯ ಅಂಶ. ಅಂಗಾಂಶದ ತೆಳು ಚೂರುಗಳನ್ನು ಗಾಜಿಗೆ ಅಂಟಿಸಲು ಬಳಸುವ ಅಂಟು ಅದು! 1949ರಲ್ಲಿ ಪ್ರಕಟವಾದ ಆ ಸಂಶೋಧನೆಯಿಂದಲೇ ಇಂದಿನ ಇಡೀ ಘನೀಕೃತ ವೀರ್ಯದ ವ್ಯವಸ್ಥೆ ಬೆಳೆದಿದೆ.

ಗ್ಲಿಸರಿನ್ ವೀರ್ಯಾಣುವಿನ ಒಳಕ್ಕೂ ಹೊರಕ್ಕೂ ಹೋಗಿ ನೀರಿನ ಜತೆ ಬೆರೆಯುತ್ತದೆ. ಒಟ್ಟಿನಲ್ಲಿ ಗಡ್ಡೆಯಾಗುವ ನೀರಿನ ಪ್ರಮಾಣ ಕಡಿಮೆಯಾಗುತ್ತದೆ, ಉಪ್ಪಿನ ಏಟು ತಗ್ಗುತ್ತದೆ. ಅದರ ಜತೆ ಮೊಟ್ಟೆಯ ಹಳದಿ ಲೋಳೆ ಸೇರಿಸುತ್ತಾರೆ. ಅದರಲ್ಲಿರುವ ಕೊಬ್ಬಿನಂಶ ವೀರ್ಯಾಣುವಿನ ಪೊರೆಗೆ ಹೊದಿಕೆಯಂತೆ ನಿಂತು ತಂಪಿನ ಆಘಾತ ತಡೆಯುತ್ತದೆ. 1969ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಹೆಸರಘಟ್ಟದಲ್ಲಿ ಘನೀಕೃತ ವೀರ್ಯ ಕೇಂದ್ರ ಬಂದ ಮೇಲೆ ನಮ್ಮ ಹಳ್ಳಿಗಳಿಗೂ ಈ ಪದ್ಧತಿ ತಲುಪಿತು. ಮೂಲ ಸೂತ್ರ ಇಂದಿಗೂ ಹೆಚ್ಚು ಬದಲಾಗಿಲ್ಲ: ಟ್ರಿಸ್ ಎನ್ನುವ ಲವಣ, ಮೊಟ್ಟೆಯ ಹಳದಿ, ಗ್ಲಿಸರಿನ್. ಎಪ್ಪತ್ತು ವರ್ಷ ಕಳೆದರೂ ಅದನ್ನು ಮೀರಿಸುವ ಅಗ್ಗದ ಸೂತ್ರ ಬಂದಿಲ್ಲ ಎನ್ನುವುದು ಅದರ ಹೆಗ್ಗಳಿಕೆ.

ಕೊರತೆಯೂ ಇದೆ. ಗ್ಲಿಸರಿನ್ ಹೆಚ್ಚಾದರೆ ಅದೇ ವೀರ್ಯಾಣುವಿಗೆ ವಿಷ. ಮೊಟ್ಟೆಯಿಂದ ಮೊಟ್ಟೆಗೆ ಗುಣ ಬೇರೆ, ರೋಗಾಣುವಿನ ಭಯವೂ ಇದೆ. ಎಲ್ಲಕ್ಕಿಂತ ಮುಖ್ಯವಾಗಿ, ಒಮ್ಮೆ ಹುಟ್ಟಿದ ಹರಳು ಬೆಳೆಯುವುದನ್ನು ಗ್ಲಿಸರಿನ್ ಪೂರ್ತಿ ತಡೆಯಲಾರದು.

ಕರೆಂಟು ಹೋಗಿ ಬಂದ ಐಸ್‌ಕ್ರೀಂ

ಹರಳು ಬೆಳೆಯುವುದೆಂದರೇನು? ಅಂಗಡಿಯ ಫ್ರೀಜರಿನಲ್ಲಿ ಐಸ್‌ಕ್ರೀಂ ಇದೆ. ಎರಡು ತಾಸು ಕರೆಂಟು ಹೋಗಿ, ಮತ್ತೆ ಬಂತು. ಐಸ್‌ಕ್ರೀಂ ಕರಗಿ ಹರಿದಿಲ್ಲ, ಗಟ್ಟಿಯಾಗಿಯೇ ಇದೆ. ಆದರೆ ಬಾಯಿಗೆ ಇಟ್ಟರೆ ನುಣುಪು ಹೋಗಿ ಮರಳು ಮರಳಾಗಿ ಸಿಗುತ್ತದೆ. ಬಿಸಿ ಸ್ವಲ್ಪ ಏರಿದಾಗ ಸಣ್ಣ ಹರಳುಗಳು ಕರಗಿ, ಆ ನೀರು ಪಕ್ಕದ ದೊಡ್ಡ ಹರಳುಗಳಿಗೆ ಹೋಗಿ ಅಂಟುತ್ತದೆ. ಸಣ್ಣವು ಮಾಯ, ದೊಡ್ಡವು ಇನ್ನೂ ದೊಡ್ಡವು. ಒಟ್ಟು ಮಂಜುಗಡ್ಡೆಯ ತೂಕ ಅಷ್ಟೇ, ಆಕಾರ ಮಾತ್ರ ಬೇರೆ. ಇದನ್ನು ಮರುಹರಳುಗಟ್ಟುವಿಕೆ ಎನ್ನುತ್ತಾರೆ.

ಐಸ್‌ಕ್ರೀಮಿಗೆ ರುಚಿ ಕೆಟ್ಟರೆ ಹೋಯಿತು. ಸ್ಟ್ರಾದಲ್ಲಿ ಜೀವ ಹೋಗುತ್ತದೆ. ನಮ್ಮ ಕೆಲಸಕ್ಕೆ ಇದರಿಂದ ತಿಳಿಯಬೇಕಾದ ಮಾತು ಒಂದೇ. ಕಂಟೈನರಿನಿಂದ ಸ್ಟ್ರಾ ಇರುವ ಡಬ್ಬಿಯನ್ನು ಕತ್ತಿನವರೆಗೆ ಎತ್ತಿ, ಬೇಕಾದ ಸ್ಟ್ರಾ ಹುಡುಕುತ್ತಾ ನಿಂತರೆ, ಉಳಿದ ಸ್ಟ್ರಾಗಳು ಕರಗುವುದಿಲ್ಲ. ಕಣ್ಣಿಗೆ ಗಟ್ಟಿಯಾಗಿಯೇ ಕಾಣುತ್ತವೆ. ಮತ್ತೆ ಸಾರಜನಕಕ್ಕೆ ಇಳಿಸಿದರೆ ಏನೂ ಆಗಿಲ್ಲವೆಂಬಂತೆ ಇರುತ್ತವೆ. ಒಳಗೆ ಮಾತ್ರ ಹರಳು ಬೆಳೆದಾಗಿರುತ್ತದೆ. ಹೀಗೆ ನಾಲ್ಕು ಸಲ ಮೇಲೆ ಬಂದು ಇಳಿದ ಸ್ಟ್ರಾ ಐದನೇ ಸಲ ನಿಮ್ಮ ಹಸುವಿನ ಪಾಲಿಗೆ ಬರಬಹುದು. ಸೂಜಿದಾರದಷ್ಟು ತೆಳುವಾದ ಆ ನಳಿಕೆ ಬಿಸಿಯಾಗುವುದಕ್ಕೆ ನಿಮಿಷ ಬೇಕಿಲ್ಲ, ಸೆಕೆಂಡುಗಳು ಸಾಕು.

ಗಡ್ಡೆ ಕಟ್ಟದ ಮೀನು

ಇನ್ನು ಮೀನಿನ ವಿಷಯ. ದಕ್ಷಿಣ ಧ್ರುವದ ಸುತ್ತಲಿನ ಸಮುದ್ರದ ನೀರು ಉಪ್ಪಿನ ಕಾರಣ ಮೈನಸ್ 1.9 ಡಿಗ್ರಿಗೆ ಇಳಿದರೂ ದ್ರವವಾಗಿಯೇ ಇರುತ್ತದೆ. ಅದರಲ್ಲಿ ಮಂಜಿನ ಚೂರುಗಳು ತೇಲುತ್ತಿರುತ್ತವೆ. ಅಲ್ಲಿನ ಮೀನಿನ ರಕ್ತದಲ್ಲಿರುವ ಉಪ್ಪು ಸಮುದ್ರದ ಉಪ್ಪಿಗಿಂತ ಕಡಿಮೆ. ಉಪ್ಪಿನ ಲೆಕ್ಕ ಮಾತ್ರ ಹಿಡಿದರೆ ಆ ರಕ್ತ ಹಾಲಿನಂತೆಯೇ ಒಂದು ಡಿಗ್ರಿಯೂ ಇಳಿಯುವ ಮೊದಲೇ ಗಡ್ಡೆ ಕಟ್ಟಬೇಕು. ಆದರೂ ಮೀನು ಆರಾಮವಾಗಿ ಈಜುತ್ತದೆ.

ಅಮೆರಿಕದ ಆರ್ಥರ್ ಡಿವ್ರೀಸ್ 1960ರ ದಶಕದಲ್ಲಿ ಅಂಟಾರ್ಕ್ಟಿಕಾಕ್ಕೆ ಹೋಗಿ ಈ ಮೀನುಗಳ ರಕ್ತ ಪರೀಕ್ಷಿಸಿ, ಅದರಲ್ಲಿ ಒಂದು ವಿಶೇಷ ಪ್ರೋಟೀನ್ ಇರುವುದನ್ನು 1969ರಲ್ಲಿ ತಿಳಿಸಿದರು. ಈ ಪ್ರೋಟೀನ್ ಉಪ್ಪಿನಂತೆ ನೀರಿನಲ್ಲಿ ಕರಗಿ ಸುಮ್ಮನಿರುವುದಿಲ್ಲ. ಮಂಜಿನ ಸಣ್ಣ ಹರಳು ಕಂಡರೆ ಅದರ ಮೈಗೆ ಹೋಗಿ ಅಂಟುತ್ತದೆ. ಹೊಲದ ಬದುವಿನಲ್ಲಿ ಕಲ್ಲು ನೆಟ್ಟಂತೆ ಹರಳಿನ ಮೈಮೇಲೆ ಅಲ್ಲಲ್ಲಿ ಕೂತು, ಹೊಸ ನೀರು ಬಂದು ಅಂಟದಂತೆ ತಡೆಯುತ್ತದೆ. ಹರಳು ಹುಟ್ಟಿದರೂ ಬೆಳೆಯಲಾರದು. ಇಂಥ ಪ್ರೋಟೀನುಗಳು ಮುಂದೆ ಬೇರೆ ಮೀನುಗಳಲ್ಲಿ, ಕೀಟಗಳಲ್ಲಿ, ಚಳಿನಾಡಿನ ಹುಲ್ಲುಗಳಲ್ಲೂ ಸಿಕ್ಕವು. ವಿದೇಶದಲ್ಲಿ ಐಸ್‌ಕ್ರೀಂ ಮರಳಾಗದಂತೆ ತಡೆಯಲು ಯೀಸ್ಟಿನಿಂದ ಬೆಳೆಸಿದ ಮೀನಿನ ಪ್ರೋಟೀನನ್ನು ಬಳಸಿದ್ದೂ ಉಂಟು.

ಹಾಗಿದ್ದರೆ ಇದನ್ನೇ ವೀರ್ಯಕ್ಕೆ ಹಾಕಿದರಾಯಿತಲ್ಲ? ಹಾಕಿ ನೋಡಿದ್ದಾರೆ. ಟಗರು, ಹೋರಿಗಳ ವೀರ್ಯದ ಮೇಲೆ ಪ್ರಯೋಗಗಳಾಗಿವೆ, ಫಲಿತಾಂಶ ಒಂದೇ ತೆರನಾಗಿ ಬಂದಿಲ್ಲ. ಕಾರಣಗಳಲ್ಲಿ ಒಂದು ವಿಚಿತ್ರವಾದದ್ದು. ಈ ಪ್ರೋಟೀನು ಹರಳಿನ ಕೆಲವು ಮುಖಗಳಿಗೆ ಮಾತ್ರ ಅಂಟುತ್ತದೆ. ಮೀನು ಬದುಕುವ ಒಂದೆರಡು ಡಿಗ್ರಿಯ ಚಳಿಯಲ್ಲಿ ಅಷ್ಟು ಸಾಕು. ಮೈನಸ್ 196ಕ್ಕೆ ಇಳಿಸುವಾಗ ನೀರು ಗಡ್ಡೆಯಾಗಲೇಬೇಕು, ಆಗ ತಡೆಯಿಲ್ಲದ ಮುಖದ ಕಡೆಗೆ ಹರಳು ಸೂಜಿಯಂತೆ ಉದ್ದಕ್ಕೆ ಬೆಳೆಯುತ್ತದೆ. ಸೂಜಿ ಏನು ಮಾಡುತ್ತದೆಂದು ಹೇಳಬೇಕಿಲ್ಲ. ಮೀನಿನಿಂದ ಪ್ರೋಟೀನ್ ತೆಗೆಯುವ ಖರ್ಚಂತೂ ಬಂಗಾರದ ಮಾತು.

ಕಾರ್ಖಾನೆಯಲ್ಲಿ ಮಾಡಿದ ಮೀನಿನ ಗುಣ

ಇಲ್ಲಿಂದ ವಿಜ್ಞಾನಿಗಳು ಬೇರೆ ದಾರಿ ಹಿಡಿದರು. ಮೀನಿನ ಪ್ರೋಟೀನನ್ನೇ ತರುವ ಬದಲು ಅದರ ಒಂದು ಗುಣವನ್ನು ಮಾತ್ರ, ಅಂದರೆ ಹರಳು ಬೆಳೆಯದಂತೆ ತಡೆಯುವ ಗುಣವನ್ನು, ಅಗ್ಗದ ಕೃತಕ ಪಾಲಿಮರಿನಲ್ಲಿ ಪಡೆಯಲಾದೀತೇ? ಪಾಲಿಮರ್ ಎಂದರೆ ಒಂದೇ ಬಗೆಯ ಸಣ್ಣ ಕೊಂಡಿಗಳನ್ನು ಸರಪಳಿಯಂತೆ ಪೋಣಿಸಿದ ವಸ್ತು.

ಇದರಲ್ಲಿ ಹೆಚ್ಚು ಹೆಸರು ಮಾಡಿದ್ದು ಪಾಲಿವಿನೈಲ್ ಆಲ್ಕೋಹಾಲ್, ಚಿಕ್ಕದಾಗಿ ಪಿವಿಎ. ಹೆಸರು ಕೇಳಿ ಬೆಚ್ಚಬೇಡಿ, ಇದು ಕುಡಿಯುವ ಆಲ್ಕೋಹಾಲ್ ಅಲ್ಲ. ಅಂಟುಗಳಲ್ಲಿ, ಬಟ್ಟೆ ಗಿರಣಿಯ ಗಂಜಿಯಲ್ಲಿ, ಒಣಗಿದ ಕಣ್ಣಿಗೆ ಬಿಡುವ ಹನಿಗಳಲ್ಲೂ ಬಳಕೆಯಲ್ಲಿರುವ ಪದಾರ್ಥ. ಇದರ ಸರಪಳಿಯ ಉದ್ದಕ್ಕೂ ನೀರನ್ನು ಹಿಡಿಯುವ ಕೊಕ್ಕೆಗಳಿವೆ. ಆ ಕೊಕ್ಕೆಗಳ ನಡುವಿನ ಅಂತರ ಮಂಜಿನ ಹರಳಿನಲ್ಲಿ ನೀರಿನ ಕಣಗಳು ಕೂತಿರುವ ಅಂತರಕ್ಕೆ ಹೆಚ್ಚುಕಡಿಮೆ ಹೊಂದುತ್ತದೆ. ಮೀನಿನ ಪ್ರೋಟೀನಿಗೂ ಇದಕ್ಕೂ ರೂಪದಲ್ಲಿ ಸಂಬಂಧವೇ ಇಲ್ಲ, ಕೆಲಸದಲ್ಲಿ ಮಾತ್ರ ಅಣ್ಣತಮ್ಮಂದಿರು. ಇಂಗ್ಲೆಂಡಿನ ವಾರಿಕ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಗಿಬ್ಸನ್ ಅವರ ತಂಡ 2014ರಲ್ಲಿ ಅತ್ಯಲ್ಪ ಪ್ರಮಾಣದ ಪಿವಿಎ ಸೇರಿಸಿ ಕೆಂಪು ರಕ್ತಕಣಗಳನ್ನು ಘನೀಕರಿಸಿ, ಕರಗಿಸುವಾಗ ಹರಳು ಬೆಳೆಯುವುದು ತಗ್ಗಿದರೆ ಹೆಚ್ಚು ಕಣಗಳು ಉಳಿಯುತ್ತವೆ ಎಂದು ತೋರಿಸಿತು. ಗ್ಲಿಸರಿನ್‌ನಂತೆ ಕಣದ ಒಳಗೆ ಹೋಗದೆ, ಹೊರಗಿದ್ದುಕೊಂಡೇ ಇದು ಕೆಲಸ ಮಾಡುತ್ತದೆ. ಒಳಗೆ ಹೋಗದ್ದನ್ನು ಆಮೇಲೆ ತೊಳೆದು ತೆಗೆಯುವುದೂ ಸುಲಭ.

ಜಪಾನಿನವರು ಇನ್ನೊಂದು ವಸ್ತು ಹಿಡಿದರು. ಅವರ ದೇಶದಲ್ಲಿ ಆಹಾರ ಕೆಡದಂತೆ ಹಾಕುವ ಪಾಲಿಲೈಸಿನ್ ಎನ್ನುವ ಪದಾರ್ಥವಿದೆ. ಅದರ ಸರಪಳಿಯಲ್ಲಿ ಧನ ವಿದ್ಯುದಂಶದ ಕೊಂಡಿಗಳು ಮಾತ್ರ ಇರುತ್ತವೆ. ಅವುಗಳಲ್ಲಿ ಒಂದಷ್ಟನ್ನು ಋಣ ವಿದ್ಯುದಂಶಕ್ಕೆ ಬದಲಾಯಿಸಿದಾಗ, ಎರಡೂ ಬೆರೆತ ಆ ಸರಪಳಿ ಜೀವಕೋಶಗಳನ್ನು ಘನೀಕರಣದಿಂದ ಕಾಪಾಡುತ್ತದೆ ಎಂದು ಕಜುವಾಕಿ ಮತ್ಸುಮುರ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದರು. ಸಾಮಾನ್ಯವಾಗಿ ಜೀವಕೋಶ ಘನೀಕರಿಸಲು ಬಳಸುವ ಡಿಎಂಎಸ್‌ಒ ಎನ್ನುವ ದ್ರಾವಕವಿಲ್ಲದೆಯೇ ಇದು ಸಾಧ್ಯವಾಗಿತ್ತು. ಇದು ಹರಳನ್ನು ತಡೆಯುವುದಕ್ಕಿಂತ ಹೆಚ್ಚಾಗಿ, ಕೋಶದ ಸುತ್ತ ಗಟ್ಟಿ ಜಾಲದಂತೆ ನಿಂತು ಉಪ್ಪು ಮತ್ತು ಮಂಜನ್ನು ದೂರ ಇಡುತ್ತದೆ ಎನ್ನುವುದು ಈಚಿನ ಅಭಿಪ್ರಾಯ.

ಇಷ್ಟು ಓದಿ ಯಾರಾದರೂ "ನಮ್ಮ ಸಂಘದ ಸ್ಟ್ರಾದಲ್ಲಿ ಇದು ಬಂದಿದೆಯಾ?" ಎಂದು ಕೇಳಬಹುದು. ಬಂದಿಲ್ಲ. ಇಂದು ನಿಮ್ಮ ಹಸುವಿಗೆ ಕೊಡುವ ಸ್ಟ್ರಾ ಅದೇ ಹಳೆಯ ಗ್ಲಿಸರಿನ್ ಸೂತ್ರದ್ದು. ರಕ್ತಕಣಕ್ಕೆ ಬಾಲವಿಲ್ಲ, ಈಜಬೇಕಿಲ್ಲ, ಮೊಟ್ಟೆಯನ್ನು ಭೇದಿಸಬೇಕಿಲ್ಲ. ವೀರ್ಯಾಣು ಇದೆಲ್ಲ ಮಾಡಬೇಕು. ಸೂಕ್ಷ್ಮದರ್ಶಕದಲ್ಲಿ ಚೆನ್ನಾಗಿ ಈಜಿದ್ದು ಹಸುವಿನ ಹೊಟ್ಟೆಯಲ್ಲಿ ಕರುವಾಗಬೇಕೆಂದೇನೂ ಇಲ್ಲ. ಸಾವಿರಾರು ಹಸುಗಳಲ್ಲಿ ಗಬ್ಬದ ಲೆಕ್ಕ ಹಿಡಿದ ಮೇಲಷ್ಟೇ ಹೊಸ ದ್ರಾವಣವನ್ನು ನಂಬಬಹುದು. ಆದ್ದರಿಂದ "ಆಂಟಿಫ್ರೀಜ್ ಹಾಕಿದ ವಿಶೇಷ ಸ್ಟ್ರಾ" ಎಂದು ಯಾರಾದರೂ ಹೆಚ್ಚಿನ ದುಡ್ಡು ಕೇಳಿದರೆ ಕೊಡಬೇಡಿ.

ಯಾರಿಗೆ ಮೊದಲು ಬೇಕು

ಸಾಮಾನ್ಯ ಸ್ಟ್ರಾದಲ್ಲಿ ಅರ್ಧ ಸತ್ತರೂ ಒಂದು ಕೋಟಿ ಉಳಿಯುತ್ತದೆ, ಒಂದು ಕರುವಿಗೆ ಬೇಕಾದ್ದು ಒಂದೇ ವೀರ್ಯಾಣು. ಹಾಗಾಗಿ ಅಲ್ಲಿ ಹೊಸ ಪಾಲಿಮರಿನ ಲಾಭ ಅಷ್ಟಾಗಿ ಕಾಣಲಿಕ್ಕಿಲ್ಲ. ಹೆಣ್ಣುಕರುವಿಗಾಗಿ ಕೊಡುವ ಲಿಂಗ ನಿರ್ಧರಿತ ವೀರ್ಯದ ಮಾತು ಬೇರೆ. ಅದರ ಸ್ಟ್ರಾದಲ್ಲಿ ಸುಮಾರು 20 ಲಕ್ಷ ವೀರ್ಯಾಣು ಮಾತ್ರ, ಅಂದರೆ ಹತ್ತರಲ್ಲಿ ಒಂದು ಪಾಲು. ಅವೂ ಯಂತ್ರದಲ್ಲಿ ಬೇರ್ಪಡಿಸುವಾಗಲೇ ದಣಿದವು. ಎಮ್ಮೆಯದ್ದೂ ಇದೇ ಕಷ್ಟ, ಕೋಣದ ವೀರ್ಯಾಣು ಹೋರಿಯದ್ದಕ್ಕಿಂತ ಘನೀಕರಣಕ್ಕೆ ಬೇಗ ಬಗ್ಗುತ್ತದೆ. ಇಂಥ ಕಡೆ ನೂರಕ್ಕೆ ಹತ್ತು ಹೆಚ್ಚು ಉಳಿದರೂ ರೈತರ ಕೈಗೆ ಅದು ಕಾಣುತ್ತದೆ.

ನಮ್ಮ ಭಾಗದವರಿಗೆ ಇದಕ್ಕಿಂತ ಹತ್ತಿರದ ಕಾರಣ ಇನ್ನೊಂದಿದೆ. ಅಜ್ಜಂಪುರದ ಅಮೃತಮಹಲ್ ತಳಿ ಸಂವರ್ಧನ ಕೇಂದ್ರ, ಬೀರೂರಿನ ಹರಾಜು, ಕಡೂರಿನ ಬಾಸೂರು ಕಾವಲು ಇವೆಲ್ಲ ನಮ್ಮ ಮನೆಯಂಗಳದ ಹೆಸರುಗಳು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ, ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಎಂದು ಹೆಸರು ಪಡೆದು, ಸೈನ್ಯದ ಫಿರಂಗಿ ಎಳೆದ ದನಗಳ ವಂಶ ಇಂದಿಗೂ ಈ ಕಾವಲುಗಳಲ್ಲಿ ಮೇಯುತ್ತಿದೆ. ಹಾಲಿನ ಲೆಕ್ಕದಲ್ಲಿ ಇವು ಸೊಸೈಟಿಗೆ ಹೆಚ್ಚೇನೂ ತರಲಾರವು. ಆದರೆ ಬಿಸಿಲು ತಡೆಯುವ, ಒಣಮೇವಿನಲ್ಲಿ ಬದುಕುವ, ಗೊರಸು ಸವೆಯದೆ ನಡೆಯುವ ಗುಣ ಒಮ್ಮೆ ಹೋದರೆ ಎಲ್ಲಿಂದಲೂ ಕೊಂಡು ತರುವಂತಿಲ್ಲ.

ಒಂದು ತಳಿ ಕೆಲವೇ ಕಾವಲುಗಳಲ್ಲಿ ಉಳಿದಿರುವಾಗ ಒಂದು ರೋಗ ಬಂದರೂ ಎದೆ ನಡುಗುತ್ತದೆ. 2022ರಲ್ಲಿ ಚರ್ಮಗಂಟು ರೋಗ ರಾಜ್ಯದಲ್ಲಿ ಹೇಗೆ ಹಬ್ಬಿತೆಂದು ನೀವೇ ಕಂಡಿದ್ದೀರಿ. ಅದಕ್ಕಾಗಿ ದೇಸಿ ತಳಿಗಳ ವೀರ್ಯವನ್ನು ಘನೀಕರಿಸಿ ಇಡುವ ಕೆಲಸ ನಡೆದಿದೆ. ಹರಿಯಾಣದ ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಸಂಸ್ಥೆಯಲ್ಲಿ ದೇಶದ ತಳಿಗಳಿಗಾಗಿ ಇಂಥ ಬ್ಯಾಂಕೇ ಇದೆ.

ವೀರ್ಯ ಇಟ್ಟರೆ ತಳಿ ಉಳಿದಂತೆಯೇ? ಲೆಕ್ಕ ಹಾಕಿ. ಹಸುಗಳೆಲ್ಲ ಹೋಗಿ ಸ್ಟ್ರಾ ಮಾತ್ರ ಉಳಿಯಿತು ಎಂದುಕೊಳ್ಳೋಣ. ಬೇರೆ ತಳಿಯ ಹಸುವಿಗೆ ಅಮೃತಮಹಲ್ ವೀರ್ಯ ಕೊಟ್ಟರೆ ಮೊದಲ ಕರುವಿನಲ್ಲಿ ಅರ್ಧ ಅಂಶ. ಆ ಹೆಣ್ಣುಕರು ಬೆಳೆದು ಮತ್ತೆ ಅದೇ ತಳಿಯ ವೀರ್ಯ ಕೊಟ್ಟರೆ ಮುಕ್ಕಾಲು. ಹೀಗೆ ಐದು ತಲೆಮಾರು ಆದರೆ ಶೇ. 97ರ ಹತ್ತಿರ. ಒಂದೊಂದು ತಲೆಮಾರಿಗೆ ನಾಲ್ಕು ವರ್ಷ ಹಿಡಿದರೂ 20 ವರ್ಷವಾಯಿತು, ಪ್ರತಿ ಸಲವೂ ಹೆಣ್ಣುಕರುವೇ ಹುಟ್ಟಬೇಕು. ಅದರ ಮೇಲೂ ತಾಯಿಯ ಕಡೆಯಿಂದ ಮಾತ್ರ ಬರುವ ಕೆಲವು ಅಂಶಗಳು ಬೇರೆ ತಳಿಯವೇ ಆಗಿ ಉಳಿಯುತ್ತವೆ. ಭ್ರೂಣವನ್ನೇ ಘನೀಕರಿಸಿ ಇಟ್ಟಿದ್ದರೆ? ಯಾವುದೋ ಮಿಶ್ರತಳಿ ಹಸುವಿನ ಗರ್ಭಕ್ಕೆ ಅದನ್ನು ಇಟ್ಟರೆ ಒಂಬತ್ತು ತಿಂಗಳಿಗೆ ನೂರಕ್ಕೆ ನೂರು ಅಮೃತಮಹಲ್ ಕರು.

ತೊಂದರೆ ಇರುವುದೂ ಅಲ್ಲೇ. ವೀರ್ಯಾಣುವಿನಲ್ಲಿ ನೀರು ತೀರಾ ಕಡಿಮೆ, ಮೊಟ್ಟೆಯಲ್ಲೂ ಭ್ರೂಣದಲ್ಲೂ ನೀರು ಹೆಚ್ಚು. ಹರಳಿನ ಅಪಾಯವೂ ಅಷ್ಟೇ ಹೆಚ್ಚು. ಹರಳೇ ಹುಟ್ಟದಂತೆ ಗಾಜಿನ ಹಾಗೆ ದಿಢೀರ್ ಗಟ್ಟಿಮಾಡುವ ವಿಧಾನವಿದೆ, ಅದಕ್ಕೆ ಗ್ಲಿಸರಿನ್ ಜಾತಿಯ ರಾಸಾಯನಿಕಗಳನ್ನು ವಿಷದ ಅಂಚಿನವರೆಗೆ ಹಾಕಬೇಕಾಗುತ್ತದೆ. ಪ್ರಯೋಗಾಲಯದಲ್ಲಿ ಬೆಳೆಸಿದ ಭ್ರೂಣಗಳಲ್ಲಿ ಕೊಬ್ಬಿನಂಶ ಹೆಚ್ಚಿದ್ದು ಅವು ಇನ್ನೂ ಬೇಗ ಸೋಲುತ್ತವೆ. ಹರಳು ತಡೆಯುವ ಪಾಲಿಮರುಗಳಿಂದ ಆ ವಿಷದ ಪ್ರಮಾಣ ಇಳಿಸಬಹುದೇ ಎನ್ನುವ ಪ್ರಯೋಗಗಳೇ ನಮಗೆ ಮುಖ್ಯವಾದವು. ನನ್ನ ದೃಷ್ಟಿಯಲ್ಲಿ ಈ ವಿಜ್ಞಾನದ ಮೊದಲ ಫಲ ಹೆಚ್ಚು ಹಾಲು ಕೊಡುವ ಹೋರಿಯ ಸ್ಟ್ರಾಕ್ಕಲ್ಲ, ಇಂಥ ಅಪರೂಪದ ತಳಿಗಳ ಭ್ರೂಣಕ್ಕೆ ಸಿಗಬೇಕು. ಅಜ್ಜಂಪುರದ ಕಾವಲಿನಲ್ಲಿ ಹಸುಗಳು ಇರುವಾಗಲೇ ಆ ಕೆಲಸ ಆಗಬೇಕು, ಹೋದ ಮೇಲೆ ಘನೀಕರಿಸಲು ಏನೂ ಇರುವುದಿಲ್ಲ.

ಚರ್ಮದ ಜೀವಕೋಶ ಉಳಿಸುವುದು ಇದರಲ್ಲಿ ಸುಲಭದ್ದು. 2023ರಲ್ಲಿ ಕರ್ನಾಲ್‌ನ ರಾಷ್ಟ್ರೀಯ ಡೇರಿ ಸಂಶೋಧನಾ ಸಂಸ್ಥೆಯಲ್ಲಿ ಗಿರ್ ಹಸುವಿನ ಜೀವಕೋಶದಿಂದ ಗಂಗಾ ಎನ್ನುವ ತದ್ರೂಪಿ ಕರು ಹುಟ್ಟಿದ್ದನ್ನು ಪತ್ರಿಕೆಗಳಲ್ಲಿ ಓದಿರುತ್ತೀರಿ. ಖರ್ಚಿನ ದಾರಿ, ಆದರೂ ಕೋಶ ಉಳಿದಿದ್ದರೆ ಮುಂದಿನವರಿಗೆ ಒಂದು ಬಾಗಿಲು ತೆರೆದಿರುತ್ತದೆ.

ಅಲ್ಲಿಯವರೆಗೆ ಕೊಟ್ಟಿಗೆಯ ಮುಂದೆ

ಹೊಸ ದ್ರಾವಣ ಬರುವವರೆಗೆ ಹರಳು ಬೆಳೆಯದಂತೆ ತಡೆಯುವುದು ಕೈಕೆಲಸದಿಂದಲೇ. ಕಾರ್ಯಕರ್ತರು ಸ್ಟ್ರಾ ತೆಗೆಯುವಾಗ ಡಬ್ಬಿ ಕಂಟೈನರಿನ ಕತ್ತಿನ ಕೆಳಗೇ ಇರಬೇಕು, ಇಕ್ಕಳದಿಂದ ಎತ್ತಿ ಮುಗಿಸಲು ಎಂಟು ಹತ್ತು ಸೆಕೆಂಡು ಮೀರಬಾರದು. ಸಿಗದಿದ್ದರೆ ಮತ್ತೆ ಮುಳುಗಿಸಿ, ತಣಿದ ಮೇಲೆ ಇನ್ನೊಮ್ಮೆ ಹುಡುಕಬೇಕು. ಕರಗಿಸುವುದು 37 ಡಿಗ್ರಿ ಬೆಚ್ಚನೆಯ ನೀರಿನಲ್ಲಿ, 30 ಸೆಕೆಂಡು. ಕೆಲವರು ಸ್ಟ್ರಾವನ್ನು ಅಂಗೈಯಲ್ಲಿ ಉಜ್ಜಿ ಅಥವಾ ಜೇಬಿನಲ್ಲಿಟ್ಟು ಕರಗಿಸುವುದುಂಟು. ನಿಧಾನವಾಗಿ ಕರಗುವಾಗಲೇ ಸಣ್ಣ ಹರಳು ದೊಡ್ಡದಾಗಲು ಪುರುಸೊತ್ತು ಸಿಗುವುದು, ಐಸ್‌ಕ್ರೀಂ ನೆನಪಿಸಿಕೊಳ್ಳಿ. ಬೇಗ ಕರಗಿಸಿದರೆ ಹರಳಿಗೆ ಬೆಳೆಯಲು ಹೊತ್ತೇ ಇಲ್ಲ. ಆದ್ದರಿಂದ ಕಾರ್ಯಕರ್ತರು ಬರುವ ಹೊತ್ತಿಗೆ ಒಂದು ಪಾತ್ರೆ ಬೆಚ್ಚನೆಯ ನೀರು ಸಿದ್ಧವಿಡಿ. ಥರ್ಮಾಮೀಟರ್ ಅವರ ಬಳಿ ಇರಬೇಕು, ಇಲ್ಲದಿದ್ದರೆ ಕೇಳುವುದಕ್ಕೆ ಸಂಕೋಚ ಬೇಡ.

ಲಿಂಗದಹಳ್ಳಿಯಿಂದ ಮೇಲೆ, ಕಲ್ಲತ್ತಿಗಿರಿ, ಕೆಮ್ಮಣ್ಣುಗುಂಡಿ ತಪ್ಪಲು, ಹೆಬ್ಬೆ ಕಡೆಯ ತೋಟಗಳವರಿಗೆ ಇನ್ನೆರಡು ಮಾತು. ಅಲ್ಲಿನ ದಾರಿಯ ಕುಲುಕಾಟದಲ್ಲಿ ಬೈಕಿನ ಮೇಲೆ ಬರುವ ಚಿಕ್ಕ ಕಂಟೈನರಿನ ಸಾರಜನಕ ಬೇಗ ಆವಿಯಾಗುತ್ತದೆ. ಹೊರಡುವ ಮೊದಲೇ ಕಡ್ಡಿ ಇಳಿಸಿ ಮಟ್ಟ ಅಳೆಯಬೇಕು. ಮಾಗಿಯ ಬೆಳಗಿನ ಚಳಿಯಲ್ಲಿ ಇನ್ನೊಂದು ಅಪಾಯವಿದೆ. 37 ಡಿಗ್ರಿಯಲ್ಲಿ ಕರಗಿ ಎಚ್ಚರಗೊಂಡ ವೀರ್ಯಾಣುವನ್ನು ತಣ್ಣನೆಯ ಲೋಹದ ಗನ್‌ಗೆ ತುಂಬಿದರೆ ಅದಕ್ಕೆ ಮತ್ತೆ ಚಳಿಯ ಹೊಡೆತ. ಗನ್ನನ್ನು ಮೊದಲೇ ಉಜ್ಜಿ ಬೆಚ್ಚಗೆ ಮಾಡಿಕೊಂಡು, ತುಂಬಿದ ಮೇಲೆ ಬಟ್ಟೆಯೊಳಗೆ ಇಟ್ಟುಕೊಂಡು, ತಡಮಾಡದೆ ಹಸುವಿನ ಬಳಿ ಹೋಗಬೇಕು. ಹಸುವನ್ನು ಅಷ್ಟರೊಳಗೆ ಕಟ್ಟಿ ನಿಲ್ಲಿಸಿಡುವುದು ನಿಮ್ಮ ಕೆಲಸ. ಸ್ಟ್ರಾ ಕರಗಿಸಿದ ಮೇಲೆ ಹಸು ಹಿಡಿಯಲು ಓಡಾಡಿದರೆ ಆ ಡೋಸು ಹೋದಂತೆಯೇ.

ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಎನ್ನುವುದು ನಿಮಗೆ ತಿಳಿದದ್ದೇ. ಕೆಲಸ ಮುಗಿದ ಮೇಲೆ ಖಾಲಿ ಸ್ಟ್ರಾವನ್ನು ಎಸೆಯಲು ಬಿಡಬೇಡಿ, ಕೇಳಿ ಇಸಿದುಕೊಳ್ಳಿ. ಅದರ ಮೇಲೆ ಹೋರಿಯ ಸಂಖ್ಯೆ, ತಳಿ, ವೀರ್ಯ ಕೇಂದ್ರದ ಗುರುತು, ತಯಾರಾದ ದಿನಾಂಕ ಅಚ್ಚಾಗಿರುತ್ತದೆ. ಹಾಲಿನ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಡಿ. ಹಸು ತಿರುಗಿ ಬೆದೆಗೆ ಬಂದರೆ ಆ ಸಂಖ್ಯೆಯನ್ನು ಸಂಘದ ಕಾರ್ಯದರ್ಶಿಗೆ ಕೊಡಿ. ಒಂದೇ ಕಂಟೈನರಿನ ಸ್ಟ್ರಾಗಳ ಬಗ್ಗೆ ಎರಡು ಮೂರು ಊರುಗಳಿಂದ ದೂರು ಬಂದರೆ, ಉಳಿದ ಸ್ಟ್ರಾಗಳಲ್ಲಿ ಒಂದನ್ನು ಕರಗಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹರಳು ತನ್ನ ಕೆಲಸ ಮಾಡಿದೆಯೋ ಇಲ್ಲವೋ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.